ಅಂಗೈಯಲ್ಲಿ ಉಳಿದ ಎಣ್ಣೆ

ಚರ್ಮದ ಡಾಕ್ಟರು ನನ್ನ ಕಣಕಾಲಿನ ಮೇಲೆ ಉಗುರಿನಿಂದ ಒಂದು ಗೆರೆ ಎಳೆದರು. ಸ್ಲೇಟಿನ ಮೇಲೆ ಬಳಪ ಎಳೆದಂತೆ ಬೆಳ್ಳಗೆ ಮೂಡಿತು. ಚಿಕ್ಕವರಿದ್ದಾಗ ಚಳಿಗಾಲ ಬಂತೆಂದರೆ ನಾವು ಮಕ್ಕಳೆಲ್ಲ ಆಡುತ್ತಿದ್ದ ಆಟವೇ ಅದು. ಕಾಲಿನ ಮೇಲೆ ಉಗುರಿನಲ್ಲಿ ಹೆಸರು ಬರೆಯುವುದು, ಅಕ್ಷರ ಸೊಟ್ಟಗಾದರೆ ಎಂಜಲು ಹಚ್ಚಿ ಒರೆಸಿ ಮತ್ತೆ ಬರೆಯುವುದು. 48ನೇ ವಯಸ್ಸಿನಲ್ಲಿ ಅದೇ ಆಟ ಆಡಿಸಿಕೊಳ್ಳಲು 600 ರೂಪಾಯಿ ಕಟ್ಟಿ, ಒಂದೂವರೆ ಗಂಟೆ ಕಾದು ಕೂತಿದ್ದೆ.

ನನ್ನ ಕಷ್ಟ ತುರಿಕೆಯದು. ಹಗಲೆಲ್ಲ ಸುಮ್ಮನಿದ್ದು, ರಾತ್ರಿ ಹೊದ್ದು ಮಲಗಿದ ಮೇಲೆ ಕಾಲಿನಿಂದ ಶುರುವಾಗಿ ಸೊಂಟದವರೆಗೂ ಹತ್ತುತ್ತಿತ್ತು. ನಂಜು ಅಂತ ಬದನೆಕಾಯಿ ಬಿಟ್ಟಿದ್ದೆ. ಸಕ್ಕರೆ, ಥೈರಾಯ್ಡ್, ಲಿವರ್ ಎಲ್ಲ ಪರೀಕ್ಷೆಯೂ ಆಗಿತ್ತು. ನೆಂಟರೊಬ್ಬರು ‘ರಕ್ತ ಕೆಟ್ಟಿದೆ’ ಎಂದು ಹದಿನೈದು ದಿನ ಬೇವಿನ ಕಷಾಯ ಕುಡಿಸಿದ್ದರು. ಕಷಾಯದಿಂದ ನಾಲಿಗೆ ಕೆಟ್ಟಿತೇ ಹೊರತು ತುರಿಕೆ ಜಗ್ಗಲಿಲ್ಲ.

ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ತಂದಿದ್ದ ರಿಪೋರ್ಟುಗಳನ್ನು ಪಕ್ಕಕ್ಕೆ ಸರಿಸಿ, “ಸ್ನಾನ ಹೇಗೆ ಮಾಡ್ತೀರಿ ಮೇಡಂ, ಹೇಳಿ” ಅಂದರು.

ಈವರೆಗೆ ಯಾರೂ ಕೇಳದ ಪ್ರಶ್ನೆ. ಹೇಗೆ ಅಂದರೆ? ಎಲ್ಲರ ಹಾಗೆ. ಬೆಳಗ್ಗೆ ಒಂದು, ಆಫೀಸಿನಿಂದ ಬಂದ ಮೇಲೆ ಒಂದು. ಗೀಸರ್ ನೀರು, ಬಚ್ಚಲಿನ ಕನ್ನಡಿಯಲ್ಲಿ ಮುಖ ಕಾಣದಷ್ಟು ಹಬೆ ಏಳಬೇಕು. ಸೋಪು ನೆತ್ತಿಯೊಂದು ಬಿಟ್ಟು ಕತ್ತಿನಿಂದ ಪಾದದವರೆಗೆ, ಎರಡು ಸಲ. ಉಜ್ಜಲು ಪ್ಲಾಸ್ಟಿಕ್ಕಿನ ಬಲೆಯುಂಡೆ. ಹೇಳುತ್ತಾ ಹೇಳುತ್ತಾ ನನಗೆ ನನ್ನ ಬಗ್ಗೆ ತುಸು ಹೆಮ್ಮೆಯೂ ಆಯಿತು. ಆಕೆ ಎಲ್ಲ ಕೇಳಿ, “ಕಾವಲಿ ತಿಕ್ಕಿದ ಹಾಗೆ ತಿಕ್ತಿದೀರಲ್ಲ” ಅಂದುಬಿಟ್ಟರು.

* * *

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆಯಲ್ಲಿ. ಗುಡ್ಡದ ಅಬ್ಬಿಯಿಂದ ಅಡಿಕೆ ದಂಬೆಯಲ್ಲಿ ನೀರು ಹರಿದು ಬಚ್ಚಲ ಹಿಂದಿನ ತೊಟ್ಟಿಗೆ ಬೀಳುತ್ತಿತ್ತು. ಬಚ್ಚಲುಮನೆ ಎಂದರೆ ಈಗಿನಂತೆ ಟೈಲ್ಸ್ ಹಾಕಿದ ನಾಲ್ಕಡಿ ಗೂಡಲ್ಲ. ಅಡುಗೆಮನೆಗಿಂತ ದೊಡ್ಡದು. ಒಲೆಗೆ ಹುಗಿದ ತಾಮ್ರದ ಹಂಡೆ, ಹಂಡೆಯ ಕೆಳಗೆ ರಾತ್ರಿಯೆಲ್ಲ ಬೂದಿಯೊಳಗೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಕುಂಟೆ, ಮೇಲೆ ಮಳೆಗಾಲದ ಬಟ್ಟೆ ಒಣಗಿಸುವ ಗಳು. ಆಗುಂಬೆಯ ಮಳೆ ನಮ್ಮ ಮನೆಯ ಮೇಲೂ ಸುರಿಯುತ್ತಿದ್ದ ಜೂನ್-ಜುಲೈನಲ್ಲಿ ಇಡೀ ಮನೆಯಲ್ಲಿ ಒಣಗಿದ ಜಾಗ ಅದೊಂದೇ. ನಾಯಿ, ಬೆಕ್ಕು, ಅಜ್ಜ, ಪರೀಕ್ಷೆಗೆ ಓದುವ ಮಕ್ಕಳು ಎಲ್ಲರೂ ಬಚ್ಚಲೊಲೆಯ ಮುಂದೆಯೇ.

ಸ್ನಾನ ಮಾತ್ರ ಎರಡು ತಂಬಿಗೆಯ ಕೆಲಸ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಂಡು ಮೈಗೆ ಸುರಿದುಕೊಂಡು, ಕೈಯಿಂದಲೇ ತಿಕ್ಕಿ, ಪಂಚೆಯ ತುಂಡಿನಿಂದ ಒರೆಸಿಕೊಂಡರೆ ಮುಗಿಯಿತು. ಸೋಪು ಇತ್ತು. ಆದರೆ ಅಮ್ಮ ಹೊಸ ಸೋಪನ್ನು ದಾರದಿಂದ ಎರಡು ತುಂಡು ಮಾಡಿ ಒಂದನ್ನು ಟ್ರಂಕಿನ ಸೀರೆಗಳ ನಡುವೆ ಇಟ್ಟುಬಿಡುತ್ತಿದ್ದಳು. ಇನ್ನರ್ಧ ಏಳು ಜನಕ್ಕೆ ತಿಂಗಳು ಬರಬೇಕು. ಹಾಗಾಗಿ ಸೋಪು ಕಂಕುಳಿಗೆ, ತೊಡೆಸಂದಿಗೆ, ಕೆಸರು ಮೆತ್ತಿದ ಪಾದಕ್ಕೆ. ಮೈಗೆಲ್ಲ ನೊರೆ ಮಾಡಿಕೊಂಡವರು ಸಿಕ್ಕಿಬಿದ್ದರೆ ಬೈಗುಳ.

ಶನಿವಾರ ಎಣ್ಣೆನೀರು. ತಲೆಗೆ ಹರಳೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ, ಒಂದು ಗಂಟೆ ಅಂಗಳದಲ್ಲಿ ಜಾರುಬಂಡೆಗಳಂತೆ ಓಡಾಟ, ಆಮೇಲೆ ಸೀಗೆಪುಡಿ ಅಥವಾ ದಾಸವಾಳದ ಸೊಪ್ಪಿನ ಲೋಳೆ. ಸೀಗೆ ಕಣ್ಣಿಗೆ ಬಿದ್ದಾಗಿನ ಉರಿಯನ್ನು ಆ ಕಾಲದ ಮಕ್ಕಳಿಗೆ ವಿವರಿಸಬೇಕಿಲ್ಲ, ಈ ಕಾಲದವರಿಗೆ ವಿವರಿಸಲು ಆಗುವುದಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ, ಅರಿಸಿನ ಕುಂಕುಮ ಇಟ್ಟು ಪೂಜೆ. ಸ್ನಾನದ ಪಾತ್ರೆಗೇ ಪೂಜೆ ಮಾಡುವ ಹಬ್ಬ ಇಟ್ಟುಕೊಂಡ ಜನ ನಾವು.

ಇಷ್ಟು ಹೇಳಿದರೆ ಮುಂದಿನ ಮಾತು ಏನೆಂದು ಓದುವವರು ಊಹಿಸಿಬಿಡುತ್ತಾರೆ: ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ. ಸೋಪು ತುಟ್ಟಿಯಾಗಿತ್ತು, ಅಷ್ಟೆ. ಆ ಬಡತನ ನಮ್ಮ ಚರ್ಮಕ್ಕೆ ಉಪಕಾರ ಮಾಡಿತು.

* * *

ಡಾಕ್ಟರು ಔಷಧಿ ಬರೆಯುವ ಹಾಳೆಯ ಹಿಂಬದಿಗೆ ಒಂದು ಗೋಡೆ ಬಿಡಿಸಿದರು. ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಅವೇ ಇಟ್ಟಿಗೆ. ಇಟ್ಟಿಗೆಗಳ ನಡುವೆ ಗಾರೆಯಂತೆ ತುಂಬಿಕೊಂಡಿರುವುದು ಜಿಡ್ಡು: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಕೊಳೆ ಕ್ರಿಮಿ ಒಳಗೆ ನುಗ್ಗದಂತೆ ತಡೆಯುವುದು ಈ ಗಾರೆ. ಕಾಗದಕ್ಕಿಂತ ತೆಳುವಾದ ಗೋಡೆ. ಕೆಳಗಿನಿಂದ ಹೊಸ ಜೀವಕೋಶ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ನಾನು ದಿನಕ್ಕೆರಡು ಸಲ ಗಾರೆ ಕೆರೆಯುತ್ತಿದ್ದೆ.

ಸೋಪಿಗೆ ಕೊಳೆಯ ಜಿಡ್ಡು ಯಾವುದು, ಮೈಯ ಜಿಡ್ಡು ಯಾವುದು ಎಂಬ ಭೇದವಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಂಡು ನೀರಿನ ಜೊತೆ ಹೋಗುವುದೊಂದೇ ಅದಕ್ಕೆ ಗೊತ್ತು. ಜಗಳಗಂಟ ನೆಂಟರನ್ನು ನೋಡಿ ‘ಅವರದ್ದು ಎಣ್ಣೆ ಸೀಗೆಕಾಯಿ ಸಂಬಂಧ’ ಅನ್ನುತ್ತೇವಲ್ಲ, ಆ ಮಾತಿನಲ್ಲಿ ಇಡೀ ವಿಷಯವಿದೆ. ಒಂದು ಮೈಗೆ ಹತ್ತುತ್ತದೆ, ಇನ್ನೊಂದು ಹತ್ತಿದ್ದನ್ನು ಬಿಡಿಸುತ್ತದೆ. ನಮ್ಮ ಶನಿವಾರದ ಸ್ನಾನದಲ್ಲಿ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. ಸೀಗೆ ಕಿತ್ತುಕೊಳ್ಳಲು ಮೇಲೆ ಹಚ್ಚಿದ ಎಣ್ಣೆ ಇತ್ತು, ಮೈಯೊಳಗಿನದಕ್ಕೆ ಅಷ್ಟಾಗಿ ಕೈ ಹಾಕುತ್ತಿರಲಿಲ್ಲ. ಈಗ ಎಣ್ಣೆ ಮನೆಬಿಟ್ಟು ಹೋಗಿದೆ. ಜಗಳಕ್ಕೆ ಸೀಗೆಕಾಯಿಯ ಜಾಗದಲ್ಲಿ ಅದಕ್ಕಿಂತ ಗಟ್ಟಿಗ ಬಂದು ಕೂತಿದ್ದಾನೆ.

ಎಷ್ಟು ಗಟ್ಟಿಗ ಎಂದರೆ, ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5ರ ಆಸುಪಾಸು; ತುಸು ಹುಳಿ. ಮಾಮೂಲಿ ಸೋಪಿನದು 9ರಿಂದ 10. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. ನಾಲ್ಕು ಅಂಕಿಗೆ ಹತ್ತು ಸಾವಿರ ಪಟ್ಟು. ಆ ಹುಳಿತನ ಇದ್ದಾಗಲೇ ಗಾರೆ ತಯಾರಿಸುವ ಕೆಲಸ ಸರಿಯಾಗಿ ನಡೆಯುವುದು, ಕೆಟ್ಟ ಬ್ಯಾಕ್ಟೀರಿಯಾ ಹದ್ದಿನಲ್ಲಿ ಇರುವುದು. ಸೋಪು ಹಾಕಿದಾಗ ಅದು ಕದಡಿ, ಮತ್ತೆ ಹದಕ್ಕೆ ಬರಲು ಗಂಟೆಗಳೇ ಹಿಡಿಯುತ್ತವೆ. ಸೀಗೆ ಹಾಗಲ್ಲ, ಅದು ತಾನೇ ಹುಳಿಯ ಕಡೆಗಿನದು.

ಮತ್ತೆ ಕಾಲೇ ಯಾಕೆ? ಇದನ್ನು ಕೇಳಿದ್ದಕ್ಕೆ ಡಾಕ್ಟರಿಗೆ ಖುಷಿಯಾಯಿತು. ಎಣ್ಣೆ ಸುರಿಸುವ ಗ್ರಂಥಿಗಳು ಮುಖದಲ್ಲಿ, ನೆತ್ತಿಯಲ್ಲಿ, ಎದೆ ಬೆನ್ನಿನ ಮೇಲ್ಭಾಗದಲ್ಲಿ ದಟ್ಟವಾಗಿವೆ. ಕಣಕಾಲಿನಲ್ಲಿ ಬಹಳ ಕಡಿಮೆ. ಬಡವನ ಜೇಬಿನಿಂದ ಹತ್ತು ರೂಪಾಯಿ ತೆಗೆದ ಹಾಗೆ, ಬೇಗ ಗೊತ್ತಾಗುತ್ತದೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಲ್ಲುವ ಹೊತ್ತಿನ ಹೆಂಗಸರಲ್ಲಿ, ಇರುವ ಎಣ್ಣೆಯೂ ಇಳಿಯುತ್ತದೆ. ಚಿಕ್ಕಂದಿನಲ್ಲಿ ನಾವು ಹೆಸರು ಬರೆಯಲು ಕಾಲನ್ನೇ ಆರಿಸಿಕೊಂಡದ್ದು, ಬೆನ್ನನ್ನಲ್ಲ, ಯಾಕೆಂದು ನಲವತ್ತು ವರ್ಷದ ಮೇಲೆ ತಿಳಿಯಿತು. (ಬೆನ್ನಿಗೆ ಕೈ ಎಟುಕುವುದಿಲ್ಲ ಎಂಬ ಕಾರಣವೂ ಇತ್ತು, ಅದಿರಲಿ.)

* * *

ಸೋಪನ್ನು ಬೈಯುವುದು ನನಗೆ ಸುಲಭವಲ್ಲ. ಟ್ರಂಕಿನ ಸೀರೆಗಳ ನಡುವೆ ಅಮ್ಮ ಬಚ್ಚಿಡುತ್ತಿದ್ದದ್ದು ಮೈಸೂರು ಸ್ಯಾಂಡಲ್. ಆ ಸೀರೆಗಳ ಗಂಧದ ಪರಿಮಳವೇ ನನಗೆ ಇವತ್ತಿಗೂ ಹಬ್ಬದ ವಾಸನೆ. ಮೊದಲ ಮಹಾಯುದ್ಧದಿಂದ ಯೂರೋಪಿನ ಕಡೆಗೆ ಶ್ರೀಗಂಧ ಕಳಿಸುವುದು ನಿಂತಾಗ, ಮರ ಇಲ್ಲೇ ಕೊಳೆಯುವ ಬದಲು ಎಣ್ಣೆಯನ್ನೂ ಇಲ್ಲೇ ತೆಗೆಯೋಣ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಸೋಪು ಬಂತು. ಅದನ್ನು ಹದಕ್ಕೆ ತಂದ ಎಸ್.ಜಿ. ಶಾಸ್ತ್ರಿಗಳಿಗೆ ‘ಸೋಪ್ ಶಾಸ್ತ್ರಿ’ ಎಂದೇ ಹೆಸರು ಬಿತ್ತು. ಡಬ್ಬಿಯ ಮೇಲಿನ ಶರಭನನ್ನು, ಆನೆಯ ತಲೆ ಸಿಂಹದ ಮೈಯ ಆ ಪ್ರಾಣಿಯನ್ನು, ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದೆವು.

ಡಾಕ್ಟರ ಹತ್ತಿರ ಹೋಗಿಬಂದ ವಾರ ಅಂಗಡಿಯಲ್ಲಿ ನಿಂತು ಸೋಪಿನ ಪೊಟ್ಟಣಗಳ ಸಣ್ಣಕ್ಷರ ಓದತೊಡಗಿದೆ. ಟಿಎಫ್‌ಎಂ ಎಂಬುದೊಂದಿದೆ, ಸೋಪಿನಲ್ಲಿರುವ ಕೊಬ್ಬಿನ ಪಾಲು. ನಮ್ಮ ದೇಶದ ಮಾನದಂಡದಲ್ಲಿ 76 ಶೇಕಡಾ ಮೇಲಿದ್ದರೆ ಮೊದಲ ದರ್ಜೆ, 70ಕ್ಕೆ ಎರಡನೆಯದು, 60ಕ್ಕೆ ಮೂರನೆಯದು. ಅದಕ್ಕೂ ಕೆಳಗೆ ‘ಬೇಥಿಂಗ್ ಬಾರ್’ ಎಂಬ ಹೆಸರಿನ ಬೇರೆಯೇ ಪಂಕ್ತಿ. ಪಾಲು ಕಡಿಮೆಯಾದಂತೆ ಬೇರೆ ಪುಡಿಗಳನ್ನು ತುಂಬಿಸುತ್ತಾರೆ, ಮೈ ಒರಟಾಗುತ್ತದೆ. ಆದರೆ ಇಲ್ಲೊಂದು ಮೋಸ ಹೋಗುವ ಜಾಗವಿದೆ. ಮೊದಲ ದರ್ಜೆಯ ಸೋಪೂ ಸೋಪೇ. ಅದರ ಕ್ಷಾರ ಎಲ್ಲಿಗೂ ಹೋಗುವುದಿಲ್ಲ. ಒಣಚರ್ಮಕ್ಕೆ ಡಾಕ್ಟರು ಬರೆದುಕೊಡುವ ಬಿಲ್ಲೆ ನೋಡಲು ಸೋಪಿನಂತಿದ್ದರೂ ಸೋಪಲ್ಲ, ಸಿಂಡೆಟ್, ಅಂದರೆ ಕೃತಕ ಮಾರ್ಜಕದ ಬಿಲ್ಲೆ. ಪಿಎಚ್ ಚರ್ಮದ ಹತ್ತಿರಕ್ಕೆ ಇರುತ್ತದೆ. ನೊರೆ ಕಂಜೂಸಿ. ಬೆಲೆ ಕೇಳಿದರೆ ಅಮ್ಮನಂತೆ ಟ್ರಂಕಿನಲ್ಲಿಡಬೇಕು ಅನಿಸುತ್ತದೆ.

ಕ್ರಿಮಿ ಕೊಲ್ಲುತ್ತೇವೆ ಎನ್ನುವ ಸೋಪುಗಳ ಬಗ್ಗೆ ನನಗಿದ್ದ ಭಕ್ತಿ ಮೊದಲೇ ಸಡಿಲವಾಗಿತ್ತು. ಟ್ರೈಕ್ಲೋಸಾನ್ ಸೇರಿದಂತೆ ಅಂಥ 19 ರಾಸಾಯನಿಕಗಳನ್ನು ಮನೆಬಳಕೆಯ ಸೋಪಿನಲ್ಲಿ ಹಾಕಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2016ರಲ್ಲೇ ಹೇಳಿದ್ದರು. ಮಾಮೂಲಿ ಸೋಪು-ನೀರಿಗಿಂತ ಅವು ಹೆಚ್ಚು ಎಂದು ತಯಾರಕರಿಂದ ತೋರಿಸಲಾಗಲಿಲ್ಲ.

* * *

ಬೆಂಗಳೂರಿಗೆ ಬಂದ ಎಲ್ಲ ಮಲೆನಾಡಿಗರಂತೆ ನಾನೂ ಮೊದಲು ಬೈದದ್ದು ನೀರನ್ನು. ನಮ್ಮ ಅಬ್ಬಿ ನೀರಿನಲ್ಲಿ ಚೂರು ಸೋಪಿಗೆ ಕೈತುಂಬ ನೊರೆ. ತೊಳೆದಷ್ಟೂ ಮೈ ಜಾರುತ್ತಿತ್ತು. ಇಲ್ಲಿ ಸೋಪು ಸವೆಯುತ್ತದೆ, ನೊರೆ ಬರುವುದಿಲ್ಲ. ನಾವಿರುವುದು ನಗರದ ಅಂಚಿನ ಅಪಾರ್ಟ್‌ಮೆಂಟು. 1974ರಿಂದ ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತರುತ್ತಿರುವ ಕಾವೇರಿ ನಮ್ಮ ಗೇಟಿನವರೆಗೆ ಬಂದಿಲ್ಲ. ಬೋರು ಮತ್ತು ಟ್ಯಾಂಕರು. ನೀರಿನ ಪರೀಕ್ಷೆಯ ಚೀಟಿಯಲ್ಲಿ ಗಡಸುತನ ಲೀಟರಿಗೆ 620 ಮಿಲಿಗ್ರಾಂ ಎಂದಿತ್ತು. ಕುಡಿಯುವ ನೀರಿಗೆ 200 ಇದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 600ರ ತನಕ ನಡೆಯುತ್ತದೆ ಎನ್ನುತ್ತದೆ ನಿಯಮ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನ ಜೊತೆ ಕೂಡಿ ಕರಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಪದರ ಅದೇ. ಬಕೆಟ್ಟಿಗೆ ಅಂಟುವುದು ಮೈಗೂ ಅಂಟುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು, ಅದರಿಂದ ಇನ್ನಷ್ಟು ಗಸಿ. ಅಸೋಸಿಯೇಷನ್ ಮೀಟಿಂಗಿನಲ್ಲಿ ಮೂರು ಭಾನುವಾರ ಜಗಳವಾಡಿ, ತಲಾ ಎಂಟು ಸಾವಿರ ವಂತಿಗೆ ಹಾಕಿ ನೀರಿನ ಗಡಸು ಇಳಿಸುವ ಸಾಫ್ಟನರ್ ಕೂರಿಸಿದೆವು. ಜಗಳದಲ್ಲಿ ನನ್ನದೇ ದೊಡ್ಡ ಗಂಟಲು.

ನಲ್ಲಿ ಹೊಳೆಯತೊಡಗಿತು. ತುರಿಕೆ ಇದ್ದಲ್ಲೇ ಇತ್ತು. ಇಸುಬು ಇದ್ದ 336 ಮಕ್ಕಳ ಮನೆಗಳನ್ನು ಹಿಡಿದು, ಅರ್ಧದಷ್ಟಕ್ಕೆ ಸಾಫ್ಟನರ್ ಹಾಕಿಸಿ ಇಂಗ್ಲೆಂಡಿನಲ್ಲಿ ನೋಡಿದ್ದರಂತೆ. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದರಿಂದ ಹೆಚ್ಚಿನ ಉಪಯೋಗ ಕಂಡಿರಲಿಲ್ಲ. ಇದನ್ನು ಓದಿದ್ದು ವಂತಿಗೆ ಕಟ್ಟಿದ ಮೇಲೆ. ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿಗೆ ನಾನಿನ್ನೂ ಕಳಿಸಿಲ್ಲ.

ನೀರಿನ ಗಡಸಿಗಿಂತ ಅದರ ಬಿಸಿಯನ್ನು ನಾನು ಮೊದಲು ನೋಡಬೇಕಿತ್ತು. ಬೆಣ್ಣೆ ಹತ್ತಿದ ಪಾತ್ರೆ ತೊಳೆದವರಿಗೆಲ್ಲ ಗೊತ್ತು, ಬಿಸಿನೀರಿಗೆ ಜಿಡ್ಡು ಬೇಗ ಬಿಡುತ್ತದೆ. ಹಂಡೆಯ ಕಾಲದಲ್ಲಿ ಬಿಸಿನೀರು ಒಂದು ಲೆಕ್ಕದ ವಸ್ತು; ಹಿಂದೆ ಇನ್ನೂ ಆರು ಜನ ಕಾಯುತ್ತಿದ್ದಾರೆ. ಗೀಸರಿನ ಎದುರು ಯಾರೂ ಕಾಯುವುದಿಲ್ಲ. ತುರಿಸುವ ಕಾಲಿಗೆ ಕಾದ ನೀರು ಬಿದ್ದಾಗ ಸಿಗುವ ಸುಖವೊಂದಿದೆಯಲ್ಲ, ಅದಕ್ಕಾಗಿಯೇ ನಾನು ಸಂಜೆಯ ಸ್ನಾನ ಶುರು ಮಾಡಿದ್ದು ಎಂದು ಈಗ ಅನಿಸುತ್ತದೆ. ಆ ಸುಖ ಹತ್ತು ನಿಮಿಷದ್ದು. ಆಮೇಲಿನದ್ದು ರಾತ್ರಿಯಿಡೀ.

* * *

ಹಳೆಯ ಬಚ್ಚಲನ್ನು ಹೊಗಳಿ ಸಾಕುಮಾಡಿದರೆ ಅರ್ಧ ಸುಳ್ಳು ಹೇಳಿದಂತೆ. ಅಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿತ್ತು, ಅಜ್ಜಿ ಅದನ್ನು ನಮ್ಮ ಮೊಣಕೈಗೂ ಕತ್ತಿಗೂ ಹಾಕುತ್ತಿದ್ದಳು. ‘ಮಣ್ಣು ಹೋಗಿಲ್ಲ’ ಎಂದು ಅವಳು ತಿಕ್ಕಿ ತಿಕ್ಕಿ ಕಪ್ಪು ಮಾಡಿದ್ದು ನಮ್ಮದೇ ಚರ್ಮವನ್ನು. ಒಂದೇ ಟವೆಲಿನಲ್ಲಿ ಮೂವರು ಒರೆಸಿಕೊಂಡು, ಒಬ್ಬನ ಕಜ್ಜಿ ಎಲ್ಲರಿಗೂ ಹತ್ತಿದ ವರ್ಷಗಳಿವೆ. ಬಾಣಂತಿಗೆ ಹೊಯ್ಯುತ್ತಿದ್ದ ನೀರು ಎಷ್ಟು ಕುದಿಯುತ್ತಿತ್ತೆಂದರೆ, ಬಚ್ಚಲಿಂದ ಬಂದ ಚಿಕ್ಕಮ್ಮನ ಬೆನ್ನು ಬೇಯಿಸಿದ ಸಿಗಡಿಯಂತೆ ಕೆಂಪಾಗಿದ್ದು ನನಗೆ ನೆನಪಿದೆ.

ಮಳೆಗಾಲದ ಒದ್ದೆಯ ಕತೆಯೇ ಬೇರೆ. ನೆನೆದ ಬಟ್ಟೆ, ಒರೆಸದ ತೊಡೆಸಂದಿ, ಅರೆ ಒಣಗಿದ ಚಡ್ಡಿ. ಅಲ್ಲಿ ಹುಳಕಡ್ಡಿ. ಆಗ ಅದಕ್ಕೆ ಯಾವುದೋ ಸೊಪ್ಪಿನ ರಸ ಹಚ್ಚಿ ಉರಿಸಿಕೊಳ್ಳುತ್ತಿದ್ದರು. ಈಗಿನ ಪೇಟೆಯ ಹುಳಕಡ್ಡಿ ಇನ್ನೂ ಹಟಮಾರಿ. ಬಿಗಿ ಜೀನ್ಸಿನೊಳಗೆ ಬೆವರು ನಿಂತು ಬೆಳೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟೆರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬು ಕೊಡುತ್ತಾರೆ. ಸ್ಟೆರಾಯ್ಡ್‌ನಿಂದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ, ಶಿಲೀಂಧ್ರ ಒಳಗೇ ಹರಡುತ್ತದೆ. ನನ್ನ ತಮ್ಮ ಆ ಟ್ಯೂಬನ್ನು ಒಂದು ವರ್ಷ ಹಚ್ಚಿ, ತೊಡೆಯ ಚರ್ಮ ತೆಳುವಾಗಿ ಗೀರುಗೀರು ಬಿದ್ದ ಮೇಲೆ ಡಾಕ್ಟರ ಬಳಿ ಹೋದ. ಅವನಿಗೆ ಸಿಕ್ಕ ಸಲಹೆ ನನ್ನದಕ್ಕೆ ತದ್ವಿರುದ್ಧ: ಬೆವರಿದ ಮೇಲೆಲ್ಲ ಸ್ನಾನ ಮಾಡು, ಸಂದಿಗಳನ್ನು ಒತ್ತಿ ಒರೆಸು, ಪೂರ್ತಿ ಒಣಗುವವರೆಗೆ ಬಟ್ಟೆ ಹಾಕಬೇಡ, ನಿನ್ನ ಟವೆಲ್ ಯಾರಿಗೂ ಕೊಡಬೇಡ. ಒಂದೇ ಬಚ್ಚಲಲ್ಲಿ ಮಿಂದು ಬೆಳೆದ ಅಕ್ಕ-ತಮ್ಮಂದಿರಿಗೆ ಎರಡು ಬಗೆಯ ಸ್ನಾನ.

ಕಳೆದ ವರ್ಷ ತಂಗಿಗೆ ಹೆರಿಗೆಯಾದಾಗ ಮಗುವಿಗೆ ಎರೆಯಲು ಬರುತ್ತಿದ್ದ ಹೆಂಗಸಿಗೆ ಅರವತ್ತು ದಾಟಿತ್ತು. ಆಸ್ಪತ್ರೆಯಲ್ಲಿ ಹುಟ್ಟಿದ ದಿನ ಸ್ನಾನ ಮಾಡಿಸಿರಲಿಲ್ಲ. ಮೊದಲ ಸ್ನಾನಕ್ಕೆ 24 ಗಂಟೆಯಾದರೂ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಕೆಗೆ ಅದು ಕೇಳಿಯೇ ಮೈ ಜುಂ ಎಂದಿತು. “ಅಯ್ಯೋ ಕೂಸೇ, ಹುಟ್ಟಿದ್ ಮಗೀನ ಹಂಗೇ ಮಲಗ್ಸಿದ್ರಾ?” ಕಾಲು ಚಾಚಿ ಕೂತು, ಮಗುವನ್ನು ಬೋರಲು ಹಾಕಿಕೊಂಡು ಕೊಬ್ಬರಿ ಎಣ್ಣೆ ನೀವುವ ಆಕೆಯ ಕೈಯಲ್ಲಿ ಮಗು ಹಾಯಾಗಿ ನಿದ್ದೆ ಹೋಗುತ್ತಿತ್ತು. ಮೈಮೇಲಿನ ನವಿರು ಕೂದಲು ಹೋಗಲೆಂದು ಕಡಲೆಹಿಟ್ಟು ತಿಕ್ಕಲು ಹೊರಟಾಗ ಮಾತ್ರ ತಂಗಿ ತಡೆದಳು. ಆ ಕೂದಲು ತಾನಾಗಿಯೇ ಉದುರುವಂಥದ್ದು. ಎಣ್ಣೆ ಉಳಿಯಿತು, ಹಿಟ್ಟು ಹೋಯಿತು. ಆಕೆಗೆ ಎರಡು ದಿನ ಕೋಪವಿತ್ತು.

* * *

ನನಗೆ ಬರೆದುಕೊಟ್ಟದ್ದು ಇಷ್ಟೇ. ದಿನಕ್ಕೊಂದೇ ಸ್ನಾನ, ಹತ್ತು ನಿಮಿಷದೊಳಗೆ, ಉಗುರು ಬೆಚ್ಚಗಿನ ನೀರು. ಸಿಂಡೆಟ್ಟೂ ಬೇಕಾದ ಜಾಗಕ್ಕೆ ಮಾತ್ರ. ಕೈಕಾಲಿಗೆ ಬರೀ ನೀರು ಸಾಕು. ಬಲೆಯುಂಡೆ ಬಿಸಾಡಿ. ಟವೆಲಿನಿಂದ ಉಜ್ಜದೆ ಒತ್ತಿ, ಮೈ ಇನ್ನೂ ಪಸೆಯಿರುವಾಗಲೇ, ಮೂರು ನಿಮಿಷದೊಳಗೆ ಏನಾದರೂ ಜಿಡ್ಡು ಹಚ್ಚಿಕೊಳ್ಳಿ. ಕೊಬ್ಬರಿ ಎಣ್ಣೆ ಆಗುತ್ತದಾ ಎಂದೆ. “ನಿಮಗೆ ಆಗುತ್ತೆ, ನಿಮ್ಮ ಮಗಳ ಮೊಡವೆ ಮುಖಕ್ಕೆ ಬೇಡ” ಅಂದರು. ಒಣಚರ್ಮಕ್ಕೆ ಕೊಬ್ಬರಿ ಎಣ್ಣೆಯೂ ಅಂಗಡಿಯ ಮಿನರಲ್ ಆಯಿಲ್ಲೂ ಸಮಸಮವಾಗಿ ಕೆಲಸ ಮಾಡಿದವು ಎಂದು 2004ರಲ್ಲೇ 34 ಜನರ ಒಂದು ಸಣ್ಣ ಅಧ್ಯಯನ ಬಂದಿದೆಯೆಂದು ಆಮೇಲೆ ಓದಿದೆ.

ಮೂರನೇ ವಾರಕ್ಕೆ ನಿದ್ದೆ ಬಂತು. ಮನೆಯಲ್ಲಿ ಕಷ್ಟವಾದದ್ದು ಅಮ್ಮನಿಂದ. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇರುವ ಅಮ್ಮನಿಗೆ 76. ನನಗಿಂತ ಜೋರು ತುರಿಕೆ. ಸೋಪು ಬಿಡು ಎಂದರೆ ಸುತರಾಂ ಒಪ್ಪಳು.

“ಸೋಪು ಹಚ್ಚದೆ ಅದೆಂಥ ಸ್ನಾನನೇ? ಈ ಊರಿನ ಧೂಳು ಬರೀ ನೀರಿಗೆ ಹೋಗುತ್ತಾ?”

“ಊರಲ್ಲಿ ನೀನೇ ಬಚ್ಚಿಡ್ತಿದ್ದೆಯಲ್ಲಮ್ಮ.”

“ಆಗ ಇರಲಿಲ್ಲ, ಬಚ್ಚಿಟ್ಟೆ. ಈಗ ಇದೆ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಏಳು ಜನಕ್ಕೆ ಅರ್ಧ ಬಿಲ್ಲೆ ಹಂಚಿದವಳು ಈಗ ಒಂದು ಪೂರ್ತಿ ಸೋಪನ್ನು ಒಬ್ಬಳೇ ಹಚ್ಚಿಕೊಳ್ಳುವಾಗ ಅವಳಿಗೆ ಸಿಗುವುದು ಚರ್ಮದ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಮಡಿಯ ವಿಷಯವೂ ಇದೆ. ಸಾವಿನ ಮನೆಯಿಂದ ಬಂದಾಗ, ಏಕಾದಶಿಗೆ, ಗ್ರಹಣ ಬಿಟ್ಟ ಮೇಲೆ ಅವಳು ಮೀಯುವುದು ಕೊಳೆ ಹೋಗಲೆಂದಲ್ಲ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು. ಮಡಿಯ ಸ್ನಾನಗಳಿಗೆಲ್ಲ ಬರೀ ನೀರು, ಏಕೆಂದರೆ ಸೋಪು ಮಡಿಯೋ ಮೈಲಿಗೆಯೋ ಎಂದು ನಾನೇ ಒಂದು ಅನುಮಾನ ಹುಟ್ಟಿಸಿದೆ. ವಾರಕ್ಕೆರಡು ದಿನ ಮೈಸೂರು ಸ್ಯಾಂಡಲ್, ಕಾಲು ಬಿಟ್ಟು.

ಮೊನ್ನೆ ಭಾನುವಾರ ಬಾಲ್ಕನಿಯ ಬಿಸಿಲಲ್ಲಿ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬಾಚಿ, ತುರುಬು ಕಟ್ಟಿ, ಅಂಗೈಯಲ್ಲಿ ಉಳಿದದ್ದನ್ನು ಸೀರೆ ಸರಿಸಿ ಕಣಕಾಲಿಗೆ ಮೇಲಿಂದ ಕೆಳಗೆ ಎರಡು ಸಲ ಎಳೆದುಕೊಂಡಳು. ನಾನು ಹುಟ್ಟಿದಾಗಿನಿಂದ ನೋಡುತ್ತಿರುವ ಕೆಲಸ. ಆದರೂ ಕೇಳಿದೆ, ಕಾಲಿಗೇ ಯಾಕಮ್ಮ ಹಚ್ಚೋದು?

“ಮತ್ತೆ? ಗೋಡೆಗೆ ಒರೆಸಕ್ಕಾಗುತ್ತಾ?” ಅಂದಳು. ಬಟ್ಟಲಲ್ಲಿ ಇನ್ನೂ ಚೂರು ಎಣ್ಣೆ ಇತ್ತು. ನಾನೂ ಕಾಲು ಚಾಚಿ ಕೂತೆ.